ಹಾಡಿಗೊಂದು ಚಿತ್ರ, ಚಿತ್ರಕ್ಕೊಂದು ಪಂಚಾಂಗ



ಹಾಡನ್ನು ಕೇಳುವುದರ ಜತೆಗೆ ನೋಡಲೂಬೇಕೆಂಬ ಆಸೆ ಕೊಪ್ಪಳ ಸೀಮೆಗೆ ಟೀವಿಯಿಂದ ಬಂದದ್ದಲ್ಲ. ಬಿಳಿ ಪರದೆ, ಅದರ ಹಿಂದೊಂದು ದೀಪ, ಬಣ್ಣ ಹಚ್ಚಿದ ತೊಗಲಿನ ಗೊಂಬೆ, ಜತೆಗೆ ಹಾಡು. ಶಿಳ್ಳೇಕ್ಯಾತರು ತಲೆಮಾರುಗಳಿಂದ ತೋರಿಸುತ್ತ ಬಂದದ್ದು ಇದನ್ನೇ. 2025ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಈ ಜಿಲ್ಲೆಯ ಮೋರನಾಳದವರು. ಆ ಆಟದಲ್ಲಿ ಒಂದು ಅನುಕೂಲವಿದೆ. ಗೊಂಬೆ ಕೈಗೆ ಬರುವುದು ತುಸು ತಡವಾದರೆ ಹಾಡುವವರು ಅದೇ ಸೊಲ್ಲನ್ನು ಇನ್ನೊಮ್ಮೆ ಎತ್ತಿಕೊಳ್ಳಬಹುದು. ಚಿತ್ರಕ್ಕಾಗಿ ಹಾಡು ಕಾಯುತ್ತದೆ. ವಿಡಿಯೋ ಗೀತೆಯಲ್ಲಿ ಹಾಗಲ್ಲ. ನಾಲ್ಕು ನಿಮಿಷದ ಹಾಡೆಂದರೆ ನಾಲ್ಕೇ ನಿಮಿಷ, ಚಿತ್ರವೇ ಅದರ ಅಳತೆಗೆ ಬರಬೇಕು. ವೇಳಾಪಟ್ಟಿಯ ತಾಪತ್ರಯ ಶುರುವಾಗುವುದು ಇಲ್ಲಿಂದ.

ಸಿನಿಮಾದವರು ಈ ತಾಪತ್ರಯಕ್ಕೆ ಪರಿಹಾರ ಕಂಡುಕೊಂಡು ಬಹುಕಾಲವಾಯಿತು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಕಾಲದಲ್ಲಿ ನಟರು ಕ್ಯಾಮೆರಾದ ಮುಂದೆಯೇ ಹಾಡಬೇಕಿತ್ತು. ಮರುವರ್ಷ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದಿತು. ಅಲ್ಲಿಂದಾಚೆಗೆ ಮೊದಲು ಧ್ವನಿಮುದ್ರಣ, ಆಮೇಲೆ ಚಿತ್ರೀಕರಣ ಎಂಬುದೇ ರೂಢಿಯಾಯಿತು. ಇಂದು ಉತ್ತರ ಕರ್ನಾಟಕದ ಜಾನಪದ ಗೀತೆಗೆ ಚಿತ್ರ ಕಟ್ಟಿ ಯೂಟ್ಯೂಬಿಗೆ ಬಿಡುವ ಹುಡುಗರೂ ಸಾಮಾನ್ಯವಾಗಿ ಇದೇ ದಾರಿ ಹಿಡಿಯುತ್ತಾರೆ. ಆದರೆ ಒಕ್ಕಲುತನದ ಹಾಡಿಗೆ ಈ ದಾರಿ ಎಲ್ಲ ಸಲವೂ ಒಗ್ಗುವುದಿಲ್ಲ.

ಒಂದು ಉದಾಹರಣೆ ನೋಡೋಣ. ರಾಶಿಯ ಹಾಡೊಂದನ್ನು ಚಿತ್ರೀಕರಿಸಿ ಗವಿಮಠದ ಜಾತ್ರೆಗೆ ಬಿಡುಗಡೆ ಮಾಡಬೇಕು. ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ. ತಿಥಿ ಅದೇ ಆದರೂ ತಾರೀಖು ನಿಲ್ಲುವುದಿಲ್ಲ: 2024ರಲ್ಲಿ ಜನವರಿ 27, 2025ರಲ್ಲಿ 15, 2026ರಲ್ಲಿ 5. ಹೋದ ವರ್ಷದ ಪಟ್ಟಿಯನ್ನೇ ಈ ವರ್ಷಕ್ಕೂ ಇಟ್ಟುಕೊಂಡವರಿಗೆ ಹತ್ತು ಹನ್ನೆರಡು ದಿನ ಸದ್ದಿಲ್ಲದೆ ಕಳೆದುಹೋಗಿರುತ್ತವೆ. ಮೊಹರಂ ಪದಗಳದ್ದೂ ಇದೇ ಕಥೆ. ಆ ಹಬ್ಬ ವರ್ಷವರ್ಷವೂ ಸುಮಾರು ಹನ್ನೊಂದು ದಿನ ಮುಂಚೆ ಬರುತ್ತದೆ.

ಇನ್ನು ಹೊಲದ ಮಾತು. ಯಲಬುರ್ಗಾದ ಎರೆಹೊಲದಲ್ಲಿ ಹಿಂಗಾರಿ ಜೋಳ ಕೊಯ್ಲಿಗೆ ಬಂದು ರಾಶಿಯಾಗುವುದು ಫೆಬ್ರುವರಿಯ ಸುಮಾರಿಗೆ. ಜಾತ್ರೆ ಅಷ್ಟರಲ್ಲಿ ಮುಗಿದಿರುತ್ತದೆ! ಅಂದರೆ ಜೋಳದ ರಾಶಿಯನ್ನು ನಿಜವಾಗಿ ತೋರಿಸಬೇಕಾದರೆ ಚಿತ್ರೀಕರಣ ಹಿಂದಿನ ಫೆಬ್ರುವರಿಯಲ್ಲೇ ಆಗಿರಬೇಕು, ಹನ್ನೊಂದು ತಿಂಗಳು ಮೊದಲು. ಕುಷ್ಟಗಿಯ ಮಸಾರಿ ಹೊಲದ ಸಜ್ಜೆಯಾದರೆ ಸೆಪ್ಟೆಂಬರ್-ಅಕ್ಟೋಬರ್. ಮಳೆಯ ಭಯ ಇದ್ದರೂ ಕೈಯಲ್ಲಿ ಮೂರು ತಿಂಗಳಿರುತ್ತದೆ. ಗಂಗಾವತಿಯದು ಕಾಲುವೆಯ ಲೆಕ್ಕ. ಮೊದಲ ಬೆಳೆಯ ಭತ್ತ ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಾಗುತ್ತದೆ, ಜಾತ್ರೆಗೆ ಐದಾರು ವಾರ ಉಳಿದರೆ ಪುಣ್ಯ. ಆ ಲೆಕ್ಕವೂ ತುಂಗಭದ್ರೆಯ ಕೃಪೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಇಡೀ ಎಡದಂಡೆಯ ರೈತರು ಉಸಿರು ಬಿಗಿಹಿಡಿದಿದ್ದರು. ಒಂದೇ ಹಾಡಿಗೆ ಮೂರು ತಾಲ್ಲೂಕಿನಲ್ಲಿ ಮೂರು ವೇಳಾಪಟ್ಟಿ ಎಂದಾಯಿತು. ಇದನ್ನು ಅರಿಯದವರು ಡಿಸೆಂಬರಿನಲ್ಲಿ ಬಂದು, ಬಾಡಿಗೆಗೆ ತಂದ ಮೂಟೆ ಸುರುವಿ ರಾಶಿ ಎನ್ನುತ್ತಾರೆ. ನೋಡುವ ರೈತನಿಗೆ ಆ ಕಾಳು ಕಣದ್ದಲ್ಲ, ಅಂಗಡಿಯದ್ದು ಎಂದು ಗೊತ್ತಾಗದೆ ಇರುತ್ತದೆಯೇ?

ಹಾಗಾದರೆ ಬೇಸಿಗೆಯಲ್ಲಿ ಜನ ಬಿಡುವಾಗಿರುತ್ತಾರಲ್ಲ, ಆಗ ಧ್ವನಿಮುದ್ರಣ ಇಟ್ಟುಕೊಳ್ಳೋಣ ಎಂಬುದು ಪೇಟೆಯವರ ಲೆಕ್ಕಾಚಾರ. ಕುಷ್ಟಗಿ, ಯಲಬುರ್ಗಾಗಳ ಒಣಹಳ್ಳಿಗಳಲ್ಲಿ ಅದು ತಲೆಕೆಳಗಾಗುತ್ತದೆ. ಸುಗ್ಗಿ ಮುಗಿದ ಮೇಲೆ ಅಲ್ಲಿನ ಎಷ್ಟೋ ಮಂದಿ ಮಂಗಳೂರು, ಗೋವಾ, ಬೆಂಗಳೂರುಗಳಿಗೆ ಗುಳೆ ಹೋಗಿರುತ್ತಾರೆ. ಹಾಡುವ ಅವ್ವ, ಹಲಿಗೆ ಬಾರಿಸುವ ತಮ್ಮ ಇಬ್ಬರೂ ಊರಲ್ಲಿಲ್ಲ. ಸುಗ್ಗಿಯ ನಡುವೆ ಕರೆದರೆ ಅವರ ಕೂಲಿ ತಪ್ಪುತ್ತದೆ. ಕ್ಯಾಮೆರಾಕ್ಕೆ ದಿನಬಾಡಿಗೆ ಬರೆಯುವ ಕಾಗದದಲ್ಲಿ ಹಾಡುವವರ ದಿನಗೂಲಿಗೆ ಒಂದು ಸಾಲೂ ಇರುವುದಿಲ್ಲ. ಅಭಿಮಾನದಿಂದ ಹಾಡುತ್ತಾರೆ ಎಂದು ತೇಲಿಸಿಬಿಡುವುದು ವಾಡಿಕೆ. ಹೆಣ್ಣುಮಕ್ಕಳ ಹಾಡಿಗೆ ನಿಜವಾದ ಅನುಕೂಲದ ಕಾಲ ನಾಗರ ಪಂಚಮಿ. ಕೊಟ್ಟ ಮನೆಯಿಂದ ತವರಿಗೆ ಬಂದವರು ಜೋಕಾಲಿಯ ಸುತ್ತ ತಾವಾಗಿಯೇ ಸೇರಿರುತ್ತಾರೆ, ದನಿಗೂಡಿಸಿ ಹಾಡಿದ ರೂಢಿ ನೆನಪಿನಲ್ಲಿ ಹಸಿಯಾಗಿರುತ್ತದೆ.

ಅಷ್ಟಾದರೂ ಮತ್ತೊಂದು ತೊಡಕಿದೆ, ಬಹುಶಃ ಎಲ್ಲಕ್ಕಿಂತ ದೊಡ್ಡದು. ಹಳ್ಳಿಯ ಹಾಡುಗಾರರು ಒಮ್ಮೆ ಹಾಡಿದ ಲಯದಲ್ಲೇ ಇನ್ನೊಮ್ಮೆ ಹಾಡುವುದು ಅಪರೂಪ. ಮುದ್ರಿಸಿದ ಹಾಡನ್ನು ಹೊಲದಲ್ಲಿ ಹಾಕಿ 'ತುಟಿ ಆಡಿಸಿರಿ' ಎಂದರೆ ತಮ್ಮದೇ ದನಿಯ ಮುಂದೆ ಅವರು ತಡವರಿಸುತ್ತಾರೆ. ಸಿನಿಮಾ ನಟಿಗೆ ಅದೇ ಕಸುಬು, ಇವರಿಗಲ್ಲ. ತುಟಿ ಕೂಡದೆ ಹೋದಾಗ ಸಂಕಲನಕಾರ ಆ ಮುಖಗಳನ್ನು ಕತ್ತರಿಸಿ, ಪೇಟೆಯಿಂದ ಬಂದ ಹುಡುಗಿಯೊಬ್ಬಳ ಮುಖ ಸೇರಿಸುತ್ತಾನೆ. ದನಿ ಊರಿನದು, ಮುಖ ಪರವೂರಿನದು! ಇದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಹಾಡುವಾಗಲೇ ಎರಡು ಮೂರು ಕ್ಯಾಮೆರಾ ಇಟ್ಟು ದನಿ, ಚಿತ್ರ ಎರಡನ್ನೂ ಒಟ್ಟಿಗೆ ಹಿಡಿಯುವುದು ಒಂದು. ಇಲ್ಲವೇ ಮುದ್ರಿತ ಹಾಡನ್ನು ಹದಿನೈದು ದಿನ ಮೊದಲೇ ಅವರ ಮೊಬೈಲಿಗೆ ಕೊಟ್ಟಿರುವುದು. ಯಾವುದೇ ಆಗಲಿ, ಪಟ್ಟಿಯಲ್ಲಿ ಅದಕ್ಕೆ ದಿನ ಮೀಸಲಿರಬೇಕು.

ಚಿತ್ರೀಕರಣದ ದಿನಗಳ ಲೆಕ್ಕ ಸರಳ ಗಣಿತ. ನಾಲ್ಕು ನಿಮಿಷವೆಂದರೆ 240 ಸೆಕೆಂಡು. ನಾಲ್ಕು ಸೆಕೆಂಡಿಗೊಂದು ದೃಶ್ಯ ಬದಲಾದರೆ 60 ತುಣುಕುಗಳು ಬೇಕು. ಚಳಿಗಾಲದ ಹಿತವಾದ ಬೆಳಕು ಬೆಳಿಗ್ಗೆ ಎರಡೂವರೆ, ಸಂಜೆ ಎರಡು ಗಂಟೆ. ತುಣುಕಿಗೆ ಕಾಲು ಗಂಟೆ ಹಿಡಿದರೂ ದಿನಕ್ಕೆ 18. ನಾಲ್ಕು ದಿನ, ಮೋಡಕ್ಕೋ ಜ್ವರಕ್ಕೋ ಇನ್ನೊಂದು ದಿನ. ಎರಡೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರು ಮಧ್ಯಾಹ್ನದ ರಣಬಿಸಿಲಿನಲ್ಲಿ ಮುಖದ ಮೇಲೆ ಕರಿನೆರಳು ಹಿಡಿದು ತರುತ್ತಾರೆ.

'ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಗಾದೆಯ ಸೀಮೆ ಇದು; ಗುಡಿಗಳನ್ನು ಬಿಟ್ಟು ಚಿತ್ರ ತೆಗೆಯಲು ಮನಸ್ಸಾಗುವುದಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಇಟಗಿಯ ಮಹಾದೇವ ದೇವಾಲಯ 1112ರದು, ಪೂರ್ವಾಭಿಮುಖ. ಆದ್ದರಿಂದ ಮುಂಭಾಗದ ಚಿತ್ರಕ್ಕೆ ಬೆಳಗಿನ ಹೊತ್ತೇ ಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕವಾದ್ದರಿಂದ ಅನುಮತಿಯ ಅರ್ಜಿ ಮೊದಲೇ ಹೋಗಬೇಕು. ಗಂಗಾವತಿ ಬದಿಯ ಆನೆಗೊಂದಿಗೆ ಹೋಗುವವರು ಡಿಸೆಂಬರಿನ ಹನುಮಮಾಲೆ ವಿಸರ್ಜನೆಯ ದಿನಗಳನ್ನು ಬಿಡುವುದು ಲೇಸು. ಆಗ ಅಂಜನಾದ್ರಿಯ ದಾರಿಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.

ಸಂಕಲನ, ಬಣ್ಣ ತಿದ್ದುವುದಕ್ಕೆ ಎರಡು ವಾರ. ಅದಾದ ಮೇಲೆ ಜಾತ್ರೆಗೆ ಕನಿಷ್ಠ ಹತ್ತು ದಿನ ಉಳಿಯಬೇಕು. ಆ ಹತ್ತು ದಿನದಲ್ಲಿ ಒಂದು ರಾತ್ರಿ ಹಾಡಿದವರ ಊರಿನ ಗುಡಿಯ ಕಟ್ಟೆಯ ಮುಂದೆ ಪರದೆ ಕಟ್ಟಿ ಅವರಿಗೇ ಮೊದಲು ತೋರಿಸಬೇಕು. ಹೆಸರಿನ ಅಕ್ಷರ ತಪ್ಪಿರಬಹುದು. ಬೇರೆ ಕೇರಿಯ ಸೊಲ್ಲು ನುಸುಳಿರಬಹುದು. ಮನೆಯವರ ಒಪ್ಪಿಗೆಯಿಲ್ಲದ ಮುಖವೊಂದು ಕಾಣಿಸಬಹುದು. ಇವನ್ನೆಲ್ಲ ತಿದ್ದಲು ಸಂಕಲನಕಾರನಿಗೆ ಮೂರು ದಿನ ಸಾಕು, ಆ ಮೂರು ದಿನವನ್ನು ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಿದ್ದರೆ.