ಇರುಳಿನ ರಾಗಗಳು ಮತ್ತು ಕಚೇರಿಯ ವೇಳೆ



ಶ್ರಾವಕನೆಂದರೆ ಕೇಳುವವನು. ಆದಕಾರಣ ಸಂಗೀತವನ್ನು ಕೇಳುವ ಕುರಿತಾದ ನಾಲ್ಕು ಮಾತು ಈ ಸಭೆಗೆ ಹೊರತಾದುದಲ್ಲ. ಪ್ರಸ್ತಾಪಿಸಬೇಕಾದುದು ಕೇಳುವ ವೇಳೆಯ ಸಂಗತಿ.

ಹಿಂದೂಸ್ತಾನಿ ಪದ್ಧತಿಯು ಹಗಲಿರುಳನ್ನು ಮೂರು ಮೂರು ಗಂಟೆಗಳ ಎಂಟು ಪ್ರಹರಗಳಾಗಿ ವಿಭಾಗಿಸಿ, ರಾಗಗಳನ್ನು ಅವಕ್ಕೆ ಹೊಂದಿಸಿದೆ. ದೀಪ ಹಚ್ಚಿದ ಮೇಲೆ ಯಮನ್, ಅನಂತರ ಬಿಹಾಗ್, ನಡುರಾತ್ರಿಯ ಸುಮಾರಿಗೆ ದರಬಾರಿ ಕಾನಡಾ ಮತ್ತು ಮಾಲಕಂಸ, ಇರುಳು ಮುಗಿಯುವ ಹೊತ್ತಿಗೆ ಲಲಿತ್, ಬೆಳಗಾದೊಡನೆ ಭೈರವ. ದಕ್ಷಿಣಾದಿ ಸಂಗೀತದ ಕಚೇರಿಯಲ್ಲಿ ಈ ಕಟ್ಟುಪಾಡು ಇಷ್ಟು ಬಿಗಿಯಾಗಿಲ್ಲ. ಆದ್ದರಿಂದ ಮುಂದೆ ಹೇಳುವ ನಷ್ಟವು ಮುಖ್ಯವಾಗಿ ಉತ್ತರಾದಿಯದು. ಆದರೂ ಅದರಲ್ಲಿ ಕನ್ನಡನಾಡಿನ ಪಾಲು ಸಣ್ಣದಲ್ಲ.

ಧಾರವಾಡ ಸೀಮೆಯ ಕುಂದಗೋಳದ ರಾಮಭಾವು ಕುಂದಗೋಳಕರರು ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ, ‘ಸವಾಯಿ ಗಂಧರ್ವ’ರೆಂದು ವಿಖ್ಯಾತರಾದರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಅವರ ಗರಡಿಯಲ್ಲಿ ಸಿದ್ಧಗೊಂಡವರು. 1952ರಲ್ಲಿ ಗುರುಗಳು ದಿವಂಗತರಾದರು. ಮರುವರ್ಷವೇ ಭೀಮಸೇನರು ಪುಣೆಯಲ್ಲಿ ಪುಣ್ಯಸ್ಮರಣೆಯ ಸಂಗೀತ ಸಮಾರಾಧನೆಯನ್ನು ಆರಂಭಿಸಿದರು. ಮುಂದೆ ಅದು ಸಹಸ್ರಾರು ಜನ ಸೇರುವ ಉತ್ಸವವಾಗಿ ಬೆಳೆಯಿತು. ಡಿಸೆಂಬರಿನ ಚಳಿಯಲ್ಲಿ ಶಾಲು, ಕಂಬಳಿ ಹೊದ್ದು, ಮಂಟಪದ ಕೆಳಗೆ ಬೆಳಗಿನವರೆಗೂ ಕುಳಿತು ಕೇಳುವುದು ಪುಣೆಯ ರಸಿಕರಿಗೆ ಒಂದು ವ್ರತದಂತಿತ್ತು. ರಾತ್ರಿ ಮಾಗಿದಂತೆ ಸಭೆ ತಾನೇ ಜಾಲಿಸಿಕೊಳ್ಳುತ್ತದೆ. ಕುತೂಹಲಕ್ಕೆ ಬಂದವರು ಎದ್ದು ಹೋಗುತ್ತಾರೆ, ಕೇಳಲೆಂದೇ ಬಂದವರು ಉಳಿಯುತ್ತಾರೆ. ಅಂಥ ಹೊತ್ತಿನಲ್ಲಿ ಗಾಯಕನಿಗೆ ಗಡಿಯಾರದ ಭಯವಿಲ್ಲ. ಒಂದೊಂದೇ ಸ್ವರವನ್ನು ಹಿಡಿದು, ಅದರ ಸುತ್ತ ಸುಳಿದು, ವಿಲಂಬಿತವನ್ನು ಒಂದು ಗಂಟೆಯವರೆಗೆ ಬೆಳೆಸಿದರೂ ಕೇಳುವವರು ಇರುತ್ತಾರೆ.

2000ದಲ್ಲಿ ಕೇಂದ್ರ ಸರಕಾರದ ಧ್ವನಿ ಮಾಲಿನ್ಯ ನಿಯಮಗಳು ಜಾರಿಗೆ ಬಂದವು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದಾಯಿತು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಬಲಪಡಿಸಿತು. ರೋಗಿಗಳು, ಪರೀಕ್ಷೆಗೆ ಓದುವ ಮಕ್ಕಳು, ದುಡಿದು ದಣಿದು ಮಲಗಿದವರು ಇರುವ ಊರಿನಲ್ಲಿ ಈ ನಿಯಮ ಅನ್ಯಾಯದ್ದೆಂದು ಹೇಳಲಾಗದು. ಮದುವೆಯ ದಿಬ್ಬಣದ ಬ್ಯಾಂಡಿಗೂ ಚುನಾವಣೆಯ ಭಾಷಣಕ್ಕೂ ಬಿದ್ದ ಬೀಗ ಮಾಲಕಂಸಕ್ಕೂ ಬಿದ್ದಿತು, ಅಷ್ಟೇ. ವರ್ಷದಲ್ಲಿ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ರಿಯಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಗಳಿಗುಂಟು. ಆದರೆ ಲಲಿತ್ ಹುಟ್ಟುವುದು ಹನ್ನೆರಡಕ್ಕಲ್ಲ.

ಪರಿಣಾಮವಾಗಿ ಪುಣೆಯ ಉತ್ಸವವು ಮಧ್ಯಾಹ್ನದತ್ತ ಸರಿಯಿತು. ಇದರಿಂದ ಒಂದು ಲಾಭವೂ ಆಯಿತೆಂದು ಒಪ್ಪಬೇಕು. ಇರುಳಿನ ಬೈಠಕ್ಕಿನಲ್ಲಿ ಎಡೆಯೇ ಸಿಗದಿದ್ದ ಭೀಮಪಲಾಸಿ, ಮುಲ್ತಾನಿ, ಪಟದೀಪಗಳು ಈಗ ತಮ್ಮ ಹೊತ್ತಿನಲ್ಲಿಯೇ ದೊಡ್ಡ ಸಭೆಗೆ ಕೇಳಿಬರುತ್ತಿವೆ. ವೃದ್ಧರೂ ಮಕ್ಕಳೊಂದಿಗರೂ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಲೆಕ್ಕದ ಇನ್ನೊಂದು ಬದಿ ಮಾತ್ರ ಭಾರವಾಗಿದೆ. ಅಪರಾತ್ರಿಯ ರಾಗಗಳನ್ನು ಗುರುವಿನ ಮುಂದೆ ಕುಳಿತು ಕಲಿತ ಹುಡುಗನೊಬ್ಬ ಅವನ್ನು ಸಕಾಲದಲ್ಲಿ, ಜೀವಂತ ಸಭೆಯ ಎದುರು ಹಾಡುವ ಅವಕಾಶ ತೀರ ಕಿರಿದಾಗಿದೆ. ಧ್ವನಿಮುದ್ರಿಕೆಯಲ್ಲಿ ರಾಗ ಉಳಿಯುತ್ತದೆ, ನಿಜ. ಆದರೆ ಮುದ್ರಿಕೆಗೆ ಎದುರಿನವನ ತಲೆದೂಗು ಕಾಣಿಸದು. ತಬಲೆಯವನ ಒಂದು ಪೆಟ್ಟಿಗೆ ಮುಗುಳ್ನಕ್ಕು ದಾರಿ ಬದಲಿಸುವ ಶಕ್ತಿಯೂ ಅದಕ್ಕಿಲ್ಲ.

ಇಲ್ಲಿ ಜನ ಸಾಮಾನ್ಯವಾಗಿ ಮರೆಯುವ ಅಂಶವೊಂದಿದೆ. ನಿಯಮ ತಡೆದಿರುವುದು ಸಂಗೀತವನ್ನಲ್ಲ, ಬಯಲಿನ ಧ್ವನಿವರ್ಧಕವನ್ನು. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗೆಂದೇ ಬಳಸುವ ಧ್ವನಿವರ್ಧಕಕ್ಕೆ ಆ ನಿಯಮದಲ್ಲಿಯೇ ವಿನಾಯಿತಿಯಿದೆ. 1952ರಲ್ಲಿ ಆರಂಭವಾದ ಕೋಲ್ಕತ್ತದ ಡೋವರ್ ಲೇನ್ ಸಂಗೀತ ಸಮ್ಮೇಳನ, ನಿಯಮ ಬಂದ ಬಳಿಕವೂ ಚಾವಣಿಯ ಕೆಳಗೆ ಜನವರಿಯ ರಾತ್ರಿಗಳನ್ನು ಬೆಳಗಾಗಿಸುತ್ತ ಬಂದುದು ಹೀಗೆ. ಸವಾಯಿ ಗಂಧರ್ವರ ಊರಿನಲ್ಲಿಯೇ, ಅವರು ಹಾಡಿದ ನಾಡಿಗೇರ ವಾಡೆಯಲ್ಲಿ, ಅವರ ಸ್ಮರಣೆಗೆ ಇರುಳಿಡೀ ಹಾಡುವ ಪರಿಪಾಠ ಬೆಳೆದು ಬಂದಿದೆ. ಅಲ್ಲಿ ಹತ್ತು ಸಾವಿರ ಜನರಿಗೆ ಎಡೆಯಿಲ್ಲ, ಇರಬೇಕೆಂದೂ ಇಲ್ಲ. ಅಬ್ದುಲ್ ಕರೀಂ ಖಾನರ ಕಾಲದ ಬೈಠಕ್ಕಿಗೆ ಧ್ವನಿವರ್ಧಕದ ಹಂಗೂ ಇರಲಿಲ್ಲ. ಎರಡು ತಂಬೂರಿ, ಒಂದು ಜಮಖಾನ, ಗೋಡೆಗೊರಗಿ ಕುಳಿತ ನೂರು ಜನ ಸಾಕಾಗುತ್ತಿದ್ದರು.

ನೂರು ಜನರ ಕಚೇರಿಯಲ್ಲಿ ಖರ್ಚು ಹುಟ್ಟುವುದಿಲ್ಲವೆಂಬ ಮಾತು ವ್ಯಾಪಾರ ಬಲ್ಲವರಿಗೆ ಒಡನೆ ಹೊಳೆಯುತ್ತದೆ. ಆ ಮಾತು ಸರಿ. ಟಿಕೆಟ್ಟಿನ ಹಣದಿಂದ ಅದು ನಡೆಯಲಾರದು, ಹಿಂದೆಯೂ ನಡೆದಿರಲಿಲ್ಲ. ಆ ಕೊರತೆಯನ್ನು ತುಂಬಿದವರು ಊರಿನ ದೇಸಾಯರು, ಇನಾಮದಾರರು, ಪೇಟೆಯ ಸಾಹುಕಾರರು. ಈಗ ಪ್ರತಿ ಪಟ್ಟಣದಲ್ಲಿಯೂ ಕಲ್ಯಾಣಮಂಟಪಗಳಿವೆ. ಮುಹೂರ್ತವಿಲ್ಲದ ತಿಂಗಳುಗಳಲ್ಲಿ ಅವು ರಾತ್ರಿಯಿಡೀ ಬರಿದಾಗಿರುತ್ತವೆ. ಒಂದು ಇರುಳಿನ ಬಾಡಿಗೆ, ಕಲಾವಿದರ ಸಂಭಾವನೆ, ಕಾವಲುಗಾರನ ಕೂಲಿ, ಮೂರು ಗಂಟೆಯ ಚಹಾ: ಇವಿಷ್ಟನ್ನು ಪಟ್ಟಿ ಮಾಡಿದರೆ ಒಂದು ಮದುವೆಯ ಹೂವಿನ ಅಲಂಕಾರದ ಖರ್ಚಿಗಿಂತ ಬಹಳ ಹೆಚ್ಚಾಗಲಾರದು.