ಕೊಲ್ಲಿ ನಾಡಿನ ಬಾಳು: ಕನಸು ಮತ್ತು ನಿಜ

(ಶತಮಾನೋತ್ಸವದ ಅಂಗವಾಗಿ ಜರಗಿದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಕೊಲ್ಲಿ ನಾಡುಗಳಿಗೆ ಮಕ್ಕಳನ್ನು ಕಳುಹಿಸಿದ ಮನೆಗಳು ಬಹಳ. ಅಲ್ಲಿ ದುಡಿದು ಮರಳಿರುವ ನಾವು, ಈಗ ಹೊರಡಲು ಸಿದ್ಧರಾಗಿರುವ ಯುವಜನರಿಗೂ ಅವರ ತಂದೆತಾಯಿಗಳಿಗೂ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಬಯಸುತ್ತೇವೆ.

ರಜೆಯಲ್ಲಿ ಬಂದವರ ಪೆಟ್ಟಿಗೆಗಳನ್ನು ಕಂಡವರಿಗೆ ಆ ನಾಡು ಸ್ವರ್ಗ. ಮೋಸಹೋದವರ ಕಥೆ ಕೇಳಿದವರಿಗೆ ಅದು ನರಕ. ಎರಡೂ ಅರ್ಧಸತ್ಯಗಳೇ. ತನ್ನದೇ ಆದ ನಡೆನುಡಿ, ಕಾನೂನುಗಳುಳ್ಳ ನಾಡದು. ಅದನ್ನು ಇದ್ದಂತೆಯೇ ಅರಿತು ಹೋಗುವುದು ಒಳ್ಳೆಯದು.

ಮೊದಲನೆಯದಾಗಿ, ಅಲ್ಲಿ ನಮಗೆ ಎದುರಾಗುವುದು ಅರಬರ ಸಂಸ್ಕೃತಿ ಮಾತ್ರವೆಂದು ತಿಳಿಯಬಾರದು. ಸಂಯುಕ್ತ ಅರಬ್ ಎಮಿರೇಟ್ಸ್ ಹಾಗೂ ಕತಾರ್‌ಗಳಲ್ಲಿ ಸ್ವದೇಶಿ ಪ್ರಜೆಗಳು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರು. ಪಕ್ಕದ ಮಂಚದವನು ಬಾಂಗ್ಲಾದೇಶದವನು, ಮೇಲ್ವಿಚಾರಕನು ಈಜಿಪ್ಟಿನವನು, ಆಸ್ಪತ್ರೆಯ ಸಹೋದ್ಯೋಗಿ ಫಿಲಿಪ್ಪೀನ್ಸಿನವಳು ಆಗಿರಬಹುದು. ಅರಬರ ಮನೆಯಲ್ಲಿ ಕಾಫಿಯ ಪುಟ್ಟ ಬಟ್ಟಲನ್ನು ಬಲಗೈಯಲ್ಲಿ ಹಿಡಿಯಬೇಕು, ಸಾಕೆನಿಸಿದಾಗ ಅದನ್ನು ಮೆಲ್ಲನೆ ಅಲುಗಾಡಿಸಬೇಕು. ಇಂತಹ ಮರ್ಯಾದೆಗಳನ್ನು ಒಂದೇ ದಿನದಲ್ಲಿ ಕಲಿಯಬಹುದು. ಆದರೆ ಒಂದೇ ಕೋಣೆಯಲ್ಲಿ ಅನ್ಯರ ಅಡುಗೆಯ ವಾಸನೆ, ಪ್ರಾರ್ಥನೆಯ ಹೊತ್ತು, ನಿದ್ರೆಯ ಹೊತ್ತುಗಳಿಗೆ ಹೊಂದಿಕೊಳ್ಳಲು ವರುಷಗಳ ತಾಳ್ಮೆ ಬೇಕು.

ಎರಡನೆಯದಾಗಿ, ನಮ್ಮ ವಿಶ್ವಾಸದ ಬಾಳು. ದುಬಾಯಿಯಲ್ಲಿ ಸೈಂಟ್ ಮೇರೀಸ್ ದೇವಾಲಯವು 1967ರಿಂದ ಇದೆ. ಅಲ್ಲಿ ಕೊಂಕಣಿಯಲ್ಲಿಯೂ ಬಲಿಪೂಜೆ ನಡೆಯುತ್ತದೆ. ಸೌದಿ ಅರೇಬಿಯಾದಲ್ಲಿ ದೇವಾಲಯವೇ ಇಲ್ಲ. ಎಮಿರೇಟ್ಸ್‌ನಲ್ಲಿ 2022ರ ಜನವರಿಯಿಂದ ಸರಕಾರಿ ಕಚೇರಿಗಳಿಗೆ ಶನಿವಾರ, ಭಾನುವಾರಗಳು ರಜೆ. ಕುವೈತಿನಲ್ಲಿ ಶುಕ್ರವಾರ, ಶನಿವಾರಗಳು. ಆದ್ದರಿಂದ ಕುವೈತಿನಲ್ಲಿ ನಮ್ಮವರನೇಕರಿಗೆ ಶುಕ್ರವಾರವೇ ದೇವಾಲಯಕ್ಕೆ ಹೋಗುವ ದಿನ. ಅಲ್ಲಿ ಮದ್ಯ ನಿಷಿದ್ಧ. ರಮ್ಜಾನ್ ತಿಂಗಳ ಹಗಲಿನಲ್ಲಿ ಬಹಿರಂಗವಾಗಿ ಉಣ್ಣುವುದು, ಕುಡಿಯುವುದು ಶಿಕ್ಷಾರ್ಹ. ಇವುಗಳ ಬಗ್ಗೆ ಗೊಣಗುವುದಕ್ಕಿಂತ, ಇಲ್ಲಿಂದ ಹೊರಡುವ ಮುನ್ನವೇ 'ಇದಕ್ಕೆ ನಾನು ಒಪ್ಪುವೆನೇ?' ಎಂದು ತನ್ನನ್ನು ತಾನೇ ಕೇಳಿಕೊಳ್ಳುವುದು ಲೇಸು.

ಮೂರನೆಯದಾಗಿ, ಆ ನಾಡಿನಲ್ಲಿ ನಾವು ಅತಿಥಿಗಳು. ಸಾಮಾನ್ಯ ನೌಕರನ ವಾಸದ ಪರವಾನಗಿ ಅವನ ಕೆಲಸವನ್ನು ಅವಲಂಬಿಸಿದೆ. ಮೂವತ್ತು ವರುಷ ದುಡಿದರೂ ಪೌರತ್ವ ದೊರೆಯುವುದು ತೀರ ಅಪರೂಪ. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯವು ಕುವೈತನ್ನು ಹೊಕ್ಕಾಗ, ಒಂದೂವರೆ ಲಕ್ಷಕ್ಕಿಂತ ಹೆಚ್ಚು ಭಾರತೀಯರು ಮರಳಿ ಬರಬೇಕಾಯಿತು. ಎಷ್ಟೋ ಜನರ ಗಳಿಕೆ ಅಲ್ಲಿಯೇ ಉಳಿಯಿತು. ಆದುದರಿಂದ ಹೊರಡುವ ದಿನವೇ ಮರಳುವ ದಿನವನ್ನೂ ನೆನೆಯಬೇಕು. ಮೊದಲ ಸಂಬಳದಿಂದಲೇ ಊರಿನಲ್ಲಿ ತನ್ನ ಹೆಸರಿನಲ್ಲಿ ಅಷ್ಟಿಷ್ಟು ಉಳಿತಾಯ ಮಾಡಬೇಕು.

ಇನ್ನು ತಂದೆತಾಯಿಗಳಿಗೆ ಒಂದು ಬಿನ್ನಹ. ದೂರವಾಣಿಯಲ್ಲಿ ಮಗನು "ಚೆನ್ನಾಗಿದ್ದೇನೆ" ಎನ್ನುವುದು ಅನೇಕ ವೇಳೆ ನಿಮ್ಮ ನೆಮ್ಮದಿಗಾಗಿ. ಸಾಲದ ಕಂತು, ಮನೆಯ ತಾರಸಿ, ತಂಗಿಯ ಮದುವೆ, ಇವನ್ನೆಲ್ಲ ವಿಚಾರಿಸುವ ಮುನ್ನ "ಊಟ ಸೇರುತ್ತದೆಯೇ? ಕೋಣೆಯಲ್ಲಿ ಎಷ್ಟು ಮಂದಿ ಇದ್ದೀರಿ?" ಎಂದು ಕೇಳಿರಿ. ಕಷ್ಟವನ್ನು ಹೇಳಿಕೊಳ್ಳಬಹುದಾದ ಮನೆಯೊಂದು ಊರಿನಲ್ಲಿದ್ದರೆ ಪರದೇಶದ ಬಾಳು ಅರ್ಧ ಹಗುರ. ಸೋತು ಮರಳಿದವನನ್ನೂ ಅದೇ ಬಾಗಿಲಿನಿಂದ ಬರಮಾಡಿಕೊಳ್ಳಿರಿ.

ಹೋಗಬೇಡಿರೆಂದು ನಾವು ಹೇಳುವುದಿಲ್ಲ. ಆ ದುಡಿಮೆಯಿಂದ ನಮ್ಮ ಮನೆಗಳು ಎದ್ದಿವೆ, ಮಕ್ಕಳು ಓದಿದ್ದಾರೆ. ಕಣ್ತೆರೆದು ಹೋಗಿರಿ, ಅಲ್ಲಿಯ ಜನರನ್ನು ಗೌರವಿಸಿರಿ, ಊರವರೊಡನೆ ನಿಜವನ್ನೇ ನುಡಿಯಿರಿ. ದೇವರು ನಿಮ್ಮನ್ನು ಕಾಪಾಡಲಿ.