ಸೃಷ್ಟಿಯ ವೈವಿಧ್ಯವೂ ದೇವಸ್ತುತಿಯೇ

(ಶತಮಾನೋತ್ಸವದ ಬಲಿಪೂಜೆಯ ತರುವಾಯ ಮಾಡಿದ ಭಾಷಣ)



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಬಂದು ನೆರೆದಿರುವ ತಮ್ಮೆದುರು ಈ ಶುಭದಿನದಂದು ಒಂದು ಕವಿತೆಯ ವಿಚಾರವನ್ನು ಅರಿಕೆ ಮಾಡಬಯಸುತ್ತೇವೆ. ಅದರ ನಂಟು ನಮ್ಮ ನೆಲದಿಂದಲೇ ಆರಂಭವಾಗುತ್ತದೆ.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ. ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಬೆಳಕಿನ ಪ್ರಾರ್ಥನೆಯನ್ನು ತಾವೆಲ್ಲರೂ ಬಲ್ಲಿರಿ. ಅದರ ಮೂಲ ಕವಿ ಕಾರ್ಡಿನಲ್ ನ್ಯೂಮನ್. 2019ರಲ್ಲಿ ಸಂತಪದವಿಗೇರಿದ ಆ ಮಹನೀಯರೇ 1866ರಲ್ಲಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಎಂಬ ತರುಣನನ್ನು ಕಥೋಲಿಕ ಧರ್ಮಸಭೆಗೆ ಬರಮಾಡಿಕೊಂಡರು. ಯೇಸುಸಭೆಯನ್ನು ಸೇರಿದ ಹಾಪ್ಕಿನ್ಸರು, ಗುರುಪಟ್ಟ ಪಡೆದ 1877ನೆಯ ಇಸವಿಯಲ್ಲೇ ‘ಪೈಡ್ ಬ್ಯೂಟಿ’ ಎಂಬ ಕಿರುಗವಿತೆಯನ್ನು ರಚಿಸಿದರು. ಚುಕ್ಕೆಯ ಮೀನು, ಉತ್ತ ಹೊಲ, ಕಸುಬುದಾರರ ಸಲಕರಣೆ, ಹೀಗೆ ಒಂದರಂತೆ ಒಂದಿಲ್ಲದ ಸಮಸ್ತಕ್ಕೂ ಎಂದೂ ಮಾರ್ಪಡದ ದೇವರೊಬ್ಬರೇ ತಂದೆ ಎಂಬುದು ಅದರ ಸಾರ. ಅದು ಅಚ್ಚಾದದ್ದು ಕವಿ ಗತಿಸಿದ 29 ವರ್ಷಗಳ ಮೇಲೆ, 1918ರಲ್ಲಿ.

ಇದು ಪರದೇಶದ ಮಾತೆನ್ನಬೇಡಿ. 1940ರಿಂದ ಪಕ್ಷಿಧಾಮವಾಗಿರುವ ರಂಗನತಿಟ್ಟಿನ ಹೆಜ್ಜಾರ್ಲೆಯ ಕೊಕ್ಕಿನ ಮೇಲೂ ಚುಕ್ಕೆಗಳಿವೆ. ಹೆಜ್ಜಾರ್ಲೆಯು ತನ್ನ ಎದೆಯ ರಕ್ತದಿಂದ ಮರಿಗಳನ್ನು ಸಾಕುವುದೆಂದು ಹಿಂದಿನವರು ನಂಬಿದ್ದರು. ಆದುದರಿಂದಲೇ ಸಂತ ಥಾಮಸ್ ಅಕ್ವಿನಾಸರದೆನ್ನಲಾದ ಪರಮಪ್ರಸಾದದ ಸ್ತುತಿಗೀತೆಯು ಯೇಸುಸ್ವಾಮಿಯನ್ನು ಆ ಹಕ್ಕಿಯ ಹೆಸರಿನಿಂದ ಕರೆಯುತ್ತದೆ. ಆದಿಚುಂಚನಗಿರಿಯ ನವಿಲು, 1974ರಲ್ಲಿ ಅಭಯಾರಣ್ಯವಾದ ಮೇಲುಕೋಟೆಯ ಕುರುಚಲು ಕಾಡಿನ ತೋಳ, ಕೃಷ್ಣರಾಜಪೇಟೆಯ ಸೀಮೆಗೆ ನೀರುಣಿಸುವ ಹೇಮಾವತಿ, ಇವೂ ಸೃಷ್ಟಿಕರ್ತರ ಕೀರ್ತನೆಯ ಚರಣಗಳೇ.

ಆದರೆ ನಮ್ಮ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಈ ಲೋಕವು ಕಣ್ಣೀರ ಕಣಿವೆಯೆಂದು ಬಹುಕಾಲ ಬೋಧಿಸಿದೆವು; ಅದು ದೇವರ ಕೈಬರಹವೆಂದು ಹೇಳಿದ್ದು ಅಪರೂಪ. ತಾವು ಕಬ್ಬಿಗಾಗಿ ಬದುವಿನ ಹೊಂಗೆಯನ್ನು ಕಡಿದಿರಿ; ನಾವು ಸುಮ್ಮನಿದ್ದೆವು. ಒಂದು ಜೀವಜಾತಿ ಅಳಿದರೆ ಅದು ಸಲ್ಲಿಸುತ್ತಿದ್ದ ದೇವಸ್ತುತಿಯೂ ನಿಂತುಹೋಗುತ್ತದೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಈ ಎಚ್ಚರಿಕೆಯನ್ನೇ ನೀಡಿದರು.

ಅಸ್ಸಿಸಿಯ ಸಂತ ಫ್ರಾನ್ಸಿಸರು ಸೂರ್ಯನನ್ನು ಸೋದರನೆಂದು ಹಾಡಿದಾಗ ಅವರ ದೃಷ್ಟಿ ಬಹುಮಟ್ಟಿಗೆ ನಂದಿಹೋಗಿತ್ತು. ಕಣ್ಣಿರುವ ನಾವು ಉಳಿದುದನ್ನು ಕಾಪಾಡೋಣ, ಕಡಿದುದನ್ನು ಮರಳಿ ನೆಡೋಣ, ನಮ್ಮ ಮಕ್ಕಳಿಗೆ ಬದುವಿನ ಗಿಡಗಳ, ಹೊಳೆಯ ಹಕ್ಕಿಗಳ ಹೆಸರುಗಳನ್ನು ಕಲಿಸೋಣ. ಹೆಸರನ್ನೇ ಅರಿಯದವರು ಅವುಗಳಿಗಾಗಿ ದೇವರನ್ನು ವಂದಿಸುವುದಾದರೂ ಹೇಗೆ?

ದೇವರು ತಮ್ಮೆಲ್ಲರನ್ನೂ ಹರಸಲಿ.